ಕೋಳಿ ಬೆನ್ನಿನ ಆ ಗುಂಡು ತುಂಡಿಗೆ ನಿಮ್ಮಲ್ಲಿ ಏನಂತಾರೆ?

ಬದಿಯಡ್ಕದವ:
ನಮ್ಮ ಮನೆಯಲ್ಲಿ ಕೋಳಿ ಸಾರಾದರೆ ಕಾಲು ನೆಂಟರಿಗೆ, ಎದೆ ಮಾವನಿಗೆ. ಅಜ್ಜಿ ಬೆನ್ನು ಹಾಕಿಸಿಕೊಳ್ಳುತ್ತಿದ್ದರು. ಬರೀ ಎಲುಬು, ಪಾಪ ಅಂದುಕೊಂಡಿದ್ದೆ. ಒಂದು ದಿನ ಅವರು ಸೊಂಟದ ಎಲುಬಿನ ಗುಳಿಗೆ ಹೆಬ್ಬೆರಳು ಒತ್ತಿ, ಅಡಿಕೆಯಷ್ಟು ದಪ್ಪದ ಒಂದು ತುಂಡು ಎಬ್ಬಿಸಿದರು. ಸಾರಿನಲ್ಲಿ ನೆನೆದ ನನ್ನ ರೊಟ್ಟಿಯ ಮೇಲಿಟ್ಟರು. ಅಷ್ಟು ಮೆತ್ತಗಿನ ಮಾಂಸ ಕೋಳಿಯಲ್ಲಿ ಬೇರೆಲ್ಲೂ ಇಲ್ಲ. ಆಚೆ ಒಂದು, ಈಚೆ ಒಂದು, ಒಟ್ಟು ಎರಡೇ. ಅಜ್ಜಿ ಬೆನ್ನೇ ಯಾಕೆ ಕೇಳುತ್ತಿದ್ದರು ಅಂತ ಆಗ ಗೊತ್ತಾಯಿತು.

ಈಗ ಪೇಟೆಯಿಂದ ಬ್ರಾಯ್ಲರ್ ತರುತ್ತೇನೆ. ಕರಿ ಕಟ್ ಅಂದರೆ ಸಾಕು, ಅಂಗಡಿಯ ಇಕ್ಕ (ಅಣ್ಣ) ಮರದ ಕೊರಡಿನ ಮೇಲಿಟ್ಟು ಟಕಟಕ ಕಡಿದುಬಿಡುತ್ತಾರೆ. ಎಲುಬಿನ ಚೂರುಗಳ ನಡುವೆ ಆ ತುಂಡು ಮಾಯ. ಬೇಕು ಅನ್ನೋಣ ಎಂದರೆ ಹೆಸರೇ ಗೊತ್ತಿಲ್ಲ. ಕನ್ನಡ, ತುಳು, ಮಲಯಾಳ, ಯಾವುದಾದರೂ ಸರಿ, ಹೇಳಿ.

ಉಪ್ಪಳದ ಅಕ್ಕ:
ಅದರ ಹೆಸರು ನನಗೂ ಗೊತ್ತಿಲ್ಲ ತಮ್ಮ. ನಾನು ಘಟ್ಟದ ಮೇಲಿಂದ ಮದುವೆಯಾಗಿ ಬಂದವಳು. ಮೊದಲ ಸಲ ಅಂಗಡಿಯಲ್ಲಿ "ಕರಳ್ ಬೇಕಾ?" ಅಂತ ಕೇಳಿದರು. ಕರುಳು ಯಾರಿಗೆ ಬೇಕು, ಬೇಡವೇ ಬೇಡ ಅಂದೆ. ಮಲಯಾಳದಲ್ಲಿ ಕರಳ್ ಅಂದರೆ ಲಿವರ್, ಕರುಳಿಗೆ ಕುಡಲ್ ಅಂತಾರೆ ಅಂತ ತಿಳಿಯಲು 2 ವರ್ಷ ಬೇಕಾಯಿತು. ಅಷ್ಟೂ ದಿನದ ಲಿವರ್ ಫ್ರೈ ಹೋಯಿತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಗಲ್ಫ್ ಬಿಟ್ಟು ಬಂದವ:
ಹೋಟೆಲ್ ಅಡುಗೆಮನೆಯಲ್ಲಿ 11 ವರ್ಷ ಕೋಳಿ ಕಡಿದಿದ್ದೇನೆ. ಅದಕ್ಕೆ ಇಂಗ್ಲಿಷಿನಲ್ಲಿ ಆಯ್‌ಸ್ಟರ್ ಅಂತಾರೆ. ಫ್ರೆಂಚರು ಇಟ್ಟ ಹೆಸರು ಇನ್ನೂ ಚಂದ, "ಪೆದ್ದ ಬಿಟ್ಟು ಹೋಗುವುದು" ಅಂತ ಅರ್ಥ. ನಿಮ್ಮ ಅಜ್ಜಿ ಬಿಡಲಿಲ್ಲ ನೋಡಿ!

ಇಕ್ಕನ ಹತ್ತಿರ ಈ ಹೆಸರೆಲ್ಲ ಹೇಳಲು ಹೋಗಬೇಡಿ. "ಕಾಲು ಕಡಿಯಬೇಡಿ, ಸಂದಿನಲ್ಲಿ ಬಿಡಿಸಿ ಕೊಡಿ" ಅನ್ನಿ. ತೊಡೆಯನ್ನು ಹಿಂದಕ್ಕೆ ಮಡಚಿದರೆ ಸಂದು ಕಳಚುತ್ತದೆ. ಆಮೇಲೆ ಚೂರಿಯ ತುದಿ ಬೆನ್ನೆಲುಬಿಗೆ ತಾಗಿಸಿಕೊಂಡೇ ಎಳೆಯಬೇಕು. ಆಗ ಆ ತುಂಡು ತೊಡೆಯ ಜೊತೆಗೇ ಬರುತ್ತದೆ. ಇದೂ ತೊಡೆಯ ಹಾಗೆ ಸ್ವಲ್ಪ ಕಪ್ಪು ಮಾಂಸ. ದಿನವಿಡೀ ನಡೆಯುವ ಕಾಲಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಜಾಸ್ತಿ. ಹಾರದ ಕೋಳಿಯ ಎದೆಯಲ್ಲಿ ಅದು ಕಮ್ಮಿ, ಅದಕ್ಕೇ ಬಿಳಿ. ಕೊಬ್ಬೂ ಕಮ್ಮಿ, ಚೂರು ಜಾಸ್ತಿ ಬೆಂದರೆ ನಾರು ನಾರು. ನಿಮ್ಮ ಮಾವ ಅದನ್ನು ಹೇಗೆ ತಿಂತಿದ್ದರೋ.

ಕುಂಬಳೆ ಹುಡುಗ:
ಸುಮ್ನೆ ಯಾಕೆ ಇಷ್ಟೆಲ್ಲ? ನನಗೆ ಲಾಲಿಪಾಪ್ ಸಾಕು. ಸಣ್ಣ ಕೋಳಿಯ ಕಾಲಲ್ವಾ ಅದು, ಮೆತ್ತಗಿರುತ್ತದೆ.

ಗಲ್ಫ್ ಬಿಟ್ಟು ಬಂದವ:
ಅದು ಕಾಲಲ್ಲ ಮಾರಾಯ, ರೆಕ್ಕೆ! ಮಾಂಸವನ್ನು ಒಂದು ತುದಿಗೆ ತಳ್ಳಿ ಉಂಡೆ ಮಾಡಿರುತ್ತಾರೆ.

ಬದಿಯಡ್ಕದವ:
ಭಾನುವಾರ ಹೇಳಿ ನೋಡಿದೆ. ಹಿಂದೆ ಜನ ಕಾಯ್ತಿದ್ದಾರೆ ಅಂತ ಇಕ್ಕ ಗೊಣಗಿದರು, ಆದರೂ ಬಿಡಿಸಿ ಕೊಟ್ಟರು. ಒಂದು ಇಡಿಯಾಗಿ ಬಂತು, ಇನ್ನೊಂದು ಅರ್ಧ ಎಲುಬಿನಲ್ಲೇ ಉಳಿಯಿತು. ಇಡಿಯದ್ದನ್ನು ಮಗಳ ಬಟ್ಟಲಿಗೆ ಹಾಕಿದೆ. "ಇದರಲ್ಲಿ ಎಲುಬೇ ಇಲ್ಲ, ಚೀಪಲಿಕ್ಕೆ ಏನಿದೆ?" ಅಂತ ವಾಪಸ್ ನನ್ನ ಬಟ್ಟಲಿಗೇ ಹಾಕಿದಳು.