ಲೈಸೆನ್ಸು, ಸರ್ಟಿಫಿಕೇಟು, ಸರ್ಟಿಫಿಕೇಶನ್ನು: ಮೂರಕ್ಕೂ ‘ಪ್ರಮಾಣಪತ್ರ’ ಒಂದೇ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಎಲ್‌ಪಿಎನ್, ಅಂದರೆ ‘ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್’ ಆಗಿ ಕೆಲಸ ಮಾಡುವವರು ಮುಂದೆ ಪಡೆಯಬಹುದಾದ ಸರ್ಟಿಫಿಕೇಶನ್‌ಗಳ ಬಗ್ಗೆ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೇಳಿದವಳು ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು. ಅವಳೂ ಎಲ್‌ಪಿಎನ್, ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ. ಗಂಡನ ಉದ್ಯೋಗದ ಬೆನ್ನಿಗೆ ಅಲ್ಲಿಗೆ ಹೋಗಿ, ಮಕ್ಕಳು ಶಾಲೆಗೆ ಸೇರಿದ ಮೇಲೆ ಈ ಓದಿಗೆ ಕೈಹಾಕಿದ ಕನ್ನಡದ ಹೆಣ್ಣುಮಕ್ಕಳು ಅವಳ ಪರಿಚಯದಲ್ಲಿ ಕೆಲವರಿದ್ದಾರೆ. ಅವರಿಗೆ ಇಂಗ್ಲಿಷ್ ಬಾರದೆಂದಲ್ಲ. ಪರೀಕ್ಷೆಯ ಶುಲ್ಕಕ್ಕೆ ಹಣ ಎತ್ತಿಡುವಾಗ ಮನೆಯ ಹಿರಿಯರು, “ಆಗಲೇ ಸರ್ಟಿಫಿಕೇಟು ಇದೆಯಲ್ಲಮ್ಮ, ಇನ್ನೊಂದು ಯಾತಕ್ಕೆ?” ಎಂದು ಕೇಳುತ್ತಾರಂತೆ. ಆ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಬೇಕಾಗಿದೆ.

ಉತ್ತರ ಕೊಡಲು ಹೊರಟರೆ ಮೂರು ಪದಗಳು ಒಟ್ಟಿಗೆ ಅಡ್ಡ ಬರುತ್ತವೆ. ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಮಂಡಳಿ. ಸುಮಾರು ಒಂದು ವರ್ಷದ ಓದು ಮುಗಿಸಿ, ಎನ್‌ಕ್ಲೆಕ್ಸ್-ಪಿಎನ್ ಎಂಬ ಪರೀಕ್ಷೆಯಲ್ಲಿ ಪಾಸಾದವರಿಗೆ ಅದು ಸಿಗುತ್ತದೆ; ಅದಿಲ್ಲದೆ ಎಲ್‌ಪಿಎನ್ ಎಂದು ಹೇಳಿಕೊಂಡು ಕೆಲಸ ಮಾಡುವುದು ಕಾನೂನುಬಾಹಿರ. ಸರ್ಟಿಫಿಕೇಶನ್ ಕೊಡುವುದು ಸರ್ಕಾರವಲ್ಲ, ವೃತ್ತಿಸಂಸ್ಥೆಗಳು. ಬೇಕಾದವರು ಪಡೆಯಬಹುದು, ಬೇಡದವರು ಬಿಡಬಹುದು. ಅದಕ್ಕೂ ಪರೀಕ್ಷೆ ಉಂಟು, ಅವಧಿ ಉಂಟು. ಅವಧಿ ಮುಗಿಯುವವರೆಗೆ ಹೆಸರಿನ ಮುಂದೆ ಕೆಲವು ಅಕ್ಷರಗಳನ್ನು ಹಾಕಿಕೊಳ್ಳುವ ಅಧಿಕಾರ ಉಂಟು. ಸರ್ಟಿಫಿಕೇಟ್ ಎಂಬುದು ಇಂಥ ಕೋರ್ಸನ್ನು ಇವರು ಮುಗಿಸಿದ್ದಾರೆ ಎಂದು ಹೇಳುವ ಕಾಗದ, ಅಷ್ಟೇ.

ನಮ್ಮಲ್ಲಿ ಈ ಮೂರಕ್ಕೂ ‘ಸರ್ಟಿಫಿಕೇಟು’ ಎನ್ನುವುದು ರೂಢಿ. ಬರೆಯುವಾಗ ಅದು ‘ಪ್ರಮಾಣಪತ್ರ’ವಾಗುತ್ತದೆ. ಜಾತಿ, ಆದಾಯ, ಜನನ, ಮರಣ ಎಲ್ಲವನ್ನೂ ಹೊತ್ತು ಆ ಪದ ಈಗಾಗಲೇ ಸುಸ್ತಾಗಿದೆ. ಅದಕ್ಕಿಂತ ದೊಡ್ಡ ತೊಂದರೆ, ಪ್ರಮಾಣಪತ್ರ ಎಂದರೆ ಕೈಯಲ್ಲಿ ಹಿಡಿಯುವ ಕಾಗದ ಎಂಬ ಅರ್ಥ ಗಟ್ಟಿಯಾಗಿರುವುದು. ಸರ್ಟಿಫಿಕೇಶನ್ ಕಾಗದವಲ್ಲ, ಒಂದು ಸ್ಥಿತಿ. ಕಾಗದ ಗೋಡೆಯ ಮೇಲೆ ತೂಗುತ್ತಿದ್ದರೂ ಅದು ಮುಗಿದುಹೋಗಿರಬಹುದು.

ಮೊದಲು ಎಲ್‌ಪಿಎನ್ ಎಂಬ ಹೆಸರಿನ ಕಥೆ ಮುಗಿಸಿಬಿಡುತ್ತೇನೆ. ‘ಪರವಾನಗಿ ಪಡೆದ ಪ್ರಾಯೋಗಿಕ ದಾದಿ’ ಎಂಬ ಅನುವಾದ ಕಣ್ಣಿಗೆ ಬಿದ್ದಿದೆ. ‘ಪ್ರಾಯೋಗಿಕ’ ಎಂದ ಕೂಡಲೇ ನಮಗೆ ನೆನಪಾಗುವುದು ಮೆಟ್ರೊ ರೈಲಿನ ಪ್ರಾಯೋಗಿಕ ಸಂಚಾರ. ರೋಗಿಯ ಮೇಲೆ ಪ್ರಯೋಗಕ್ಕೆ ಬಿಟ್ಟ ದಾದಿ ಎಂದು ಓದುಗರು ತಿಳಿದರೆ ತಪ್ಪು ಅವರದಲ್ಲ. ಇಂಗ್ಲಿಷಿನಲ್ಲಿ ಆ ‘ಪ್ರಾಕ್ಟಿಕಲ್’ ಬಂದದ್ದು ಬೇರೆ ಕಾರಣಕ್ಕೆ. 19ನೆಯ ಶತಮಾನದ ಅಮೆರಿಕದಲ್ಲಿ ಶಾಲೆಯಲ್ಲಿ ಕಲಿಯದೆ, ಮನೆಮನೆಯಲ್ಲಿ ರೋಗಿಗಳನ್ನು, ಬಾಣಂತಿಯರನ್ನು ನೋಡಿಕೊಂಡು ಕೈಕೆಲಸದಿಂದಲೇ ಪಳಗಿದ ಹೆಂಗಸರನ್ನು ಹಾಗೆ ಕರೆಯುತ್ತಿದ್ದರು. 1892ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವೈಡಬ್ಲ್ಯುಸಿಎ ಎಂಬ ಮಹಿಳಾ ಸಂಸ್ಥೆ ಅವರಿಗಾಗಿ ಸುಮಾರು ಮೂರು ತಿಂಗಳ ತರಗತಿ ಆರಂಭಿಸಿತು. 1914ರಲ್ಲಿ ಮಿಸಿಸಿಪ್ಪಿ ರಾಜ್ಯ ಅವರಿಗೆ ಲೈಸೆನ್ಸ್ ನೀಡುವ ಕಾನೂನು ತಂದಿತು. ಹೀಗೆ ರೂಢಿಯಿಂದ ಕಲಿತವರು ಶಾಲೆಗೂ ಹೋದರು, ಕಾನೂನಿನ ಒಳಗೂ ಬಂದರು. ಹೆಸರು ಮಾತ್ರ ಹಳೆಯದೇ ಉಳಿಯಿತು. ಕ್ಯಾಲಿಫೋರ್ನಿಯ ಮತ್ತು ಟೆಕ್ಸಸ್‌ನಲ್ಲಿ ಇದೇ ಕೆಲಸದವರನ್ನು ‘ವೊಕೇಶನಲ್’ ನರ್ಸ್, ಅಂದರೆ ಎಲ್‌ವಿಎನ್ ಎನ್ನುತ್ತಾರೆ. ಇಷ್ಟು ಕಥೆಯನ್ನು ಒಂದು ಕನ್ನಡ ಪದಕ್ಕೆ ತುಂಬುವ ಹುಚ್ಚು ನನಗಿಲ್ಲ. ‘ಎಲ್‌ಪಿಎನ್’ ಎಂದೇ ಬರೆದು, ಒಮ್ಮೆ ವಿವರಿಸಿ ಮುಂದೆ ಹೋಗಿದ್ದೇನೆ. ‘ದಾದಿ’ಯೋ ‘ಶುಶ್ರೂಷಕಿ’ಯೋ ಎಂಬ ಚರ್ಚೆಯನ್ನು ದಯವಿಟ್ಟು ಈ ಎಳೆಯಲ್ಲಿ ತೆಗೆಯಬೇಡಿ. ನರ್ಸ್ ಎಂದೇ ಇಟ್ಟಿದ್ದೇನೆ.

ಪದಕ್ಕೆ ಪದ ಇಟ್ಟರೆ ಇನ್ನೊಂದು ಅನರ್ಥವಾಗುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಕೆಳಗಿನಿಂದ ಮೇಲಕ್ಕೆ ನೋಡಿದರೆ ಮೊದಲು ‘ಸರ್ಟಿಫೈಡ್’ ನರ್ಸಿಂಗ್ ಅಸಿಸ್ಟೆಂಟ್, ಅವರ ಮೇಲೆ ‘ಲೈಸೆನ್ಸ್ಡ್’ ಪ್ರಾಕ್ಟಿಕಲ್ ನರ್ಸ್, ಅವರ ಮೇಲೆ ‘ರಿಜಿಸ್ಟರ್ಡ್’ ನರ್ಸ್. ಕನ್ನಡದಲ್ಲಿ ಈ ಏಣಿ ತಲೆಕೆಳಗಾಗುತ್ತದೆ. ‘ನೋಂದಾಯಿತ’ ಎಂದರೆ ಪುಸ್ತಕದಲ್ಲಿ ಹೆಸರು ಬರೆಸಿದವರು, ‘ಪರವಾನಗಿ ಪಡೆದ’ ಎಂದರೆ ಸರ್ಕಾರವೇ ಒಪ್ಪಿದವರು. ಹಾಗಾಗಿ ಎರಡನೆಯವರೇ ದೊಡ್ಡವರು ಎಂದು ಯಾರಾದರೂ ಎಣಿಸುತ್ತಾರೆ. ನಿಜದಲ್ಲಿ ರಿಜಿಸ್ಟರ್ಡ್ ನರ್ಸ್‌ಗೂ ಲೈಸೆನ್ಸ್ ಇರಲೇಬೇಕು. 1903ರಲ್ಲಿ ನಾರ್ತ್ ಕ್ಯಾರೊಲಿನ ತರಬೇತಾದ ನರ್ಸ್‌ಗಳ ಪಟ್ಟಿ ಇಡುವ ಕಾನೂನು ಮಾಡಿದಾಗಿನ ‘ರಿಜಿಸ್ಟರ್’ ಆ ಹೆಸರಿನಲ್ಲಿ ಉಳಿದುಕೊಂಡಿದೆ. ‘ಸರ್ಟಿಫೈಡ್’ ಎಂಬುದಂತೂ ಎರಡು ಕಡೆ ಎರಡು ಮಾತಾಡುತ್ತದೆ. ನರ್ಸಿಂಗ್ ಅಸಿಸ್ಟೆಂಟ್‌ಗಳಿಗೆ ಕನಿಷ್ಠ 75 ಗಂಟೆಗಳ ತರಬೇತಿ ಇರಬೇಕೆಂಬುದು ಅಲ್ಲಿನ ಕೇಂದ್ರ ಸರ್ಕಾರದ ನಿಯಮ. ಅಲ್ಲಿ ‘ಸರ್ಟಿಫೈಡ್’ ಎಂದರೆ ಕೆಲಸಕ್ಕೆ ಕಾಲಿಡಲು ಬೇಕಾದ ಮೊದಲ ಮೆಟ್ಟಿಲು. ಎಲ್‌ಪಿಎನ್ ಹೆಸರಿನ ಮುಂದೆ ಅದೇ ಪದ ಬಂದರೆ, ಲೈಸೆನ್ಸಿನ ಮೇಲೆ ಸಂಪಾದಿಸಿದ ಪರಿಣತಿ.

ಒಂದು ಸರ್ಟಿಫಿಕೇಶನ್ನನ್ನು ಹತ್ತಿರದಿಂದ ನೋಡಿದರೆ ಪದದ ಅಗತ್ಯ ತಿಳಿಯುತ್ತದೆ. ಗಾಯಗಳ ಆರೈಕೆಯದು ಡಬ್ಲ್ಯುಸಿಸಿ, ಅಂದರೆ ‘ವೂಂಡ್ ಕೇರ್ ಸರ್ಟಿಫೈಡ್’. ಅದು ಎಲ್‌ಪಿಎನ್‌ಗಳಿಗೂ ತೆರೆದಿದೆ. ಅವಧಿ 5 ವರ್ಷ. ನನ್ನ ತಂಗಿ ಪಡೆಯಬೇಕೆಂದಿರುವುದೂ ಇದನ್ನೇ. ಹಾಸಿಗೆ ಹಿಡಿದವರಿಗೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದಲ್ಲ, ಅದರ ಮೊದಲ ಹಂತದಲ್ಲಿ ಚರ್ಮ ಒಡೆದಿರುವುದೇ ಇಲ್ಲ. ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿ ಬಿಟ್ಟರೆ ಆ ಕೆಂಪು ಬಿಳಚುವುದಿಲ್ಲ. ಕಪ್ಪು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣುವುದೂ ಇಲ್ಲ. ಸುತ್ತಲಿಗಿಂತ ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ಮುಟ್ಟಿ ನೋಡಬೇಕು. ನಾಲ್ಕನೆಯ ಹಂತಕ್ಕೆ ಹೋದರೆ ಸ್ನಾಯು, ಮೂಳೆ ಕಾಣುತ್ತದೆ. ಉದ್ದ, ಅಗಲ, ಆಳವನ್ನು ಸೆಂಟಿಮೀಟರಿನಲ್ಲಿ ಅಳೆದು ಬರೆದಿಡುವುದು, ಯಾವ ಗಾಯಕ್ಕೆ ಯಾವ ಪಟ್ಟಿ ಎಂದು ತಿಳಿದಿರುವುದು, ಎಲ್ಲವೂ ಪರೀಕ್ಷೆಗೆ ಬರುತ್ತವೆ. “ಅಕ್ಕಾ, ಲೈಸೆನ್ಸ್ ನಾನು ನರ್ಸ್ ಎಂದು ಹೇಳುತ್ತದೆ. ಇದು ನಾನು ಯಾವುದರಲ್ಲಿ ಗಟ್ಟಿ ಎಂದು ಹೇಳುತ್ತದೆ” ಎಂದಳು. ನನ್ನ ಮೂರು ಪುಟದ ಮುನ್ನುಡಿಗಿಂತ ಇದು ಚೆನ್ನಾಗಿದೆ.

ಉಳಿದವುಗಳನ್ನು ಬೇಗ ಹೇಳುತ್ತೇನೆ. ಡಯಾಲಿಸಿಸ್‌ಗೆ, ಮರೆಗುಳಿ ಕಾಯಿಲೆಯವರ ಆರೈಕೆಗೆ, ವೃದ್ಧರ ಆರೈಕೆಗೆ ಬೇರೆ ಬೇರೆ ಸರ್ಟಿಫಿಕೇಶನ್‌ಗಳಿವೆ. ಪದದ ದೃಷ್ಟಿಯಿಂದ ಇವುಗಳಲ್ಲಿ ತೊಡಕಿಲ್ಲ. ‘ಡಿಮೆನ್ಶಿಯ’ಕ್ಕೆ ‘ಬುದ್ಧಿಮಾಂದ್ಯ’ ಎಂದು ಬರೆಯುವವರು ಮಾತ್ರ ಇನ್ನೂ ಇದ್ದಾರೆ, ಅದು ಬೇರೆಯೇ ಸ್ಥಿತಿ. ಜೀವರಕ್ಷಣೆಯ ಬಿಎಲ್‌ಎಸ್ ತರಬೇತಿಗೆ ಸಿಗುವುದನ್ನು ಅಲ್ಲಿ ಎಲ್ಲರೂ ‘ಕಾರ್ಡ್’ ಎಂದೇ ಕರೆಯುತ್ತಾರೆ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ನಿನ ಕಾರ್ಡಿಗೆ 2 ವರ್ಷದ ಆಯಸ್ಸು. ಕೆಲಸಕ್ಕೆ ಸೇರುವಾಗಲೇ ಅದನ್ನು ಕೇಳುವುದು ವಾಡಿಕೆಯಾದ್ದರಿಂದ ಯಾರೂ ಹೆಸರಿನ ಮುಂದೆ ಬರೆದುಕೊಳ್ಳುವುದಿಲ್ಲ. ಕನ್ನಡದಲ್ಲೂ ‘ಕಾರ್ಡ್’ ಎಂದೇ ಇರಲಿ.

ನಿಜವಾದ ಗೊಂದಲ ಇರುವುದು ಐವಿಯಲ್ಲಿ. ಡ್ರಿಪ್ ಹಾಕುವುದು ಎನ್ನಿ, ಗ್ಲೂಕೋಸ್ ಏರಿಸುವುದು ಎನ್ನಿ, ನಮ್ಮ ಉತ್ತರ ಕರ್ನಾಟಕದವರಂತೆ ಸಲೈನ್ ಹಚ್ಚುವುದು ಎನ್ನಿ, ಆ ಕೆಲಸ. ಎಲ್‌ಪಿಎನ್ ಇದನ್ನು ಎಷ್ಟರ ಮಟ್ಟಿಗೆ ಮಾಡಬಹುದು ಎಂಬುದನ್ನು ಪ್ರತಿ ರಾಜ್ಯದ ಕಾನೂನು ಬೇರೆ ಬೇರೆಯಾಗಿ ಹೇಳುತ್ತದೆ. ಅನೇಕ ರಾಜ್ಯಗಳಲ್ಲಿ ಮಂಡಳಿ ಒಪ್ಪಿದ ಕೋರ್ಸ್ ಮುಗಿಸಿದರೆ ಕೈಯ ರಕ್ತನಾಳಕ್ಕೆ ಸೂಜಿ ಹಾಕಿ ದ್ರವ ಕೊಡಬಹುದು. ಹೃದಯದ ಹತ್ತಿರದ ದೊಡ್ಡ ನಾಳಕ್ಕೆ ಹಾಕಿದ ಕೊಳವೆಯಲ್ಲಿ ಔಷಧ ಕೊಡುವಂತಿಲ್ಲ, ರಕ್ತ ಏರಿಸುವಂತಿಲ್ಲ ಎಂಬಂಥ ಕಟ್ಟುಪಾಡುಗಳಿರುತ್ತವೆ. ಈ ಕೋರ್ಸಿನ ಕಾಗದವನ್ನು ಜಾಹೀರಾತುಗಳಲ್ಲಿ ‘ಐವಿ ಸರ್ಟಿಫಿಕೇಶನ್’ ಎನ್ನುತ್ತಾರೆ. ಅದು ಬಹುಪಾಲು ಸರ್ಟಿಫಿಕೇಟ್. ಅದನ್ನು ಪಡೆದರೆ ರಾಜ್ಯದ ಕಾನೂನು ಹಾಕಿದ ಗೆರೆ ಒಂದು ಕೂದಲೆಳೆಯೂ ಆಚೆ ಸರಿಯುವುದಿಲ್ಲ. ಒಂದು ರಾಜ್ಯದಲ್ಲಿ ಪಡೆದು ಇನ್ನೊಂದು ರಾಜ್ಯಕ್ಕೆ ಮನೆ ಬದಲಿಸಿದವರು ಇದನ್ನು ತಿಳಿದಿರಲೇಬೇಕು. ಕನ್ನಡದಲ್ಲಿ ನಾನು ಮೂರಕ್ಕೂ ‘ಪ್ರಮಾಣಪತ್ರ’ ಎಂದು ಬರೆದರೆ ಈ ಎಚ್ಚರಿಕೆಯ ಸಾಲಿಗೆ ಅರ್ಥವೇ ಇರುವುದಿಲ್ಲ.

ಈಗ ಪದಗಳಿಗೆ ಬರೋಣ. ಲೈಸೆನ್ಸಿಗೆ ‘ಪರವಾನಗಿ’ ಸಾಕು, ಎಲ್ಲರಿಗೂ ಗೊತ್ತು. ಒಬ್ಬ ಹಿರಿಯ ಸ್ನೇಹಿತರು ‘ಸನ್ನದು’ ಸೂಚಿಸಿದರು. ವಿಶ್ವಸಂಸ್ಥೆಯ ಸನ್ನದು, ವಕೀಲರ ಸನ್ನದು ಎಂದೆಲ್ಲ ಘನತೆಯ ಪದವೇ. ಆದರೆ ಪತ್ರಿಕೆ ಓದುವ ಕನ್ನಡಿಗರಿಗೆ ‘ಸನ್ನದುದಾರರು’ ಎಂದರೆ ಮದ್ಯದಂಗಡಿಯವರು. ನರ್ಸ್‌ಗಳಿಗೆ ಅದು ಬೇಡ. ಸರ್ಟಿಫಿಕೇಟಿಗೆ ‘ಪ್ರಮಾಣಪತ್ರ’ವನ್ನೇ ಉಳಿಸಿಕೊಂಡು, ಬೇಕಾದಲ್ಲಿ ‘ಕೋರ್ಸ್ ಮುಗಿಸಿದ ಪ್ರಮಾಣಪತ್ರ’ ಎಂದು ಬಿಡಿಸಿ ಬರೆಯುತ್ತೇನೆ.

ಸರ್ಟಿಫಿಕೇಶನ್ನಿಗೆ ‘ದೃಢೀಕರಣ’ ಹೊಂದುವುದಿಲ್ಲ. ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಕಣ್ಣ ಮುಂದೆ ಬರುತ್ತದೆ. ‘ಪ್ರಮಾಣೀಕರಣ’ ಬಳಕೆಯಲ್ಲಿದೆ, ಉದ್ದ. ನನ್ನ ಒಲವು ‘ಪ್ರಮಾಣನ’ದ ಕಡೆಗೆ. ಇದು ನನ್ನ ಟಂಕಸಾಲೆಯದಲ್ಲ. ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಎಂಬ ಹೆಸರನ್ನು ರೈತರು ಬೀಜದ ಚೀಲದ ಚೀಟಿಯಲ್ಲಿ ನೋಡಿಯೇ ಇರುತ್ತಾರೆ. ಅಲ್ಲಿಯೂ ಅರ್ಥ ಇದೇ: ಪರೀಕ್ಷಿಸಿ, ಮಟ್ಟಕ್ಕೆ ಬಂದಿದೆ ಎಂದು ಒಪ್ಪುವುದು, ಅದೂ ನಿಗದಿತ ಅವಧಿಗೆ. ‘ಗಾಯ ಆರೈಕೆ ಪ್ರಮಾಣನ’, ‘ಪ್ರಮಾಣನ ಪಡೆದ ಎಲ್‌ಪಿಎನ್’, ‘ಮರುಪ್ರಮಾಣನ’ ಎಂದು ಸಲೀಸಾಗಿ ಮುಂದುವರಿಯುತ್ತದೆ. ಲೈಸೆನ್ಸಿಗೆ ‘ನವೀಕರಣ’, ಸರ್ಟಿಫಿಕೇಶನ್ನಿಗೆ ‘ಮರುಪ್ರಮಾಣನ’ ಎಂದು ಬೇರೆ ಮಾಡಿಕೊಳ್ಳಲೂಬಹುದು. ಬೀಜಕ್ಕೆ ಹೇಳಿದ್ದನ್ನು ಮನುಷ್ಯರಿಗೆ ಹೇಳುವುದೇ ಎಂದು ಮೂಗು ಮುರಿಯುವವರಿದ್ದರೆ, ಬೇರೆ ಪದದೊಂದಿಗೆ ಮುರಿಯಿರಿ ಎಂದು ವಿನಂತಿ.

ಹೊತ್ತಗೆಯ ಹೆಸರಿನಲ್ಲಿರುವ ‘ಹೆಚ್ಚುವರಿ’ಯನ್ನೂ ಬಿಡುತ್ತಿದ್ದೇನೆ. ಹೆಚ್ಚುವರಿ ಶಿಕ್ಷಕರು ಎಂದರೆ ನಮ್ಮಲ್ಲಿ ವರ್ಗಾವಣೆಗೆ ಕಾದಿರುವವರು. ಇನ್ನೊಂದು ಕಾರಣವೂ ಇದೆ. ಕರ್ನಾಟಕದ ನರ್ಸ್‌ಗಳು ಒಂದು ವರ್ಷದ ವಿಶೇಷ ಡಿಪ್ಲೊಮಾ ಮಾಡಿ ಅದನ್ನು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಚ್ಚುವರಿ ವಿದ್ಯಾರ್ಹತೆಯಾಗಿ ಸೇರಿಸಿಕೊಳ್ಳುತ್ತಾರೆ. ಅದು ಓದು, ಒಮ್ಮೆ ಪಡೆದರೆ ಜೀವನಪೂರ್ತಿ ನಿಮ್ಮದು. ಅಮೆರಿಕದ್ದು ಹಾಗಲ್ಲವಾದ್ದರಿಂದ ‘ವಿಶೇಷ ಪರಿಣತಿ ಪ್ರಮಾಣನಗಳು’ ಎಂದಿಟ್ಟಿದ್ದೇನೆ.

ಒಂದು ಪದ ಮಾತ್ರ ಇನ್ನೂ ಬಗ್ಗಿಲ್ಲ. ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಸಾಲದು, ‘ಅನ್‌ಎನ್‌ಕಂಬರ್ಡ್’ ಆಗಿರಬೇಕು ಎಂಬ ಷರತ್ತು ಅಲ್ಲಿ ಪದೇ ಪದೇ ಬರುತ್ತದೆ. ಅಂದರೆ ಮಂಡಳಿ ಅದರ ಮೇಲೆ ಶಿಸ್ತುಕ್ರಮವಾಗಿ ಯಾವ ನಿರ್ಬಂಧವನ್ನೂ ಹೇರಿರಬಾರದು. ನಮ್ಮ ನೋಂದಣಿ ಕಚೇರಿಯ ಭಾಷೆಯಲ್ಲಿ ಇದಕ್ಕೆ ಸಿಗುವುದು ‘ಋಣಭಾರರಹಿತ’. ಹಾಗೆ ಬರೆದರೆ ಊರಿನ ಮಾವನವರು ಸೊಸೆಯ ಲೈಸೆನ್ಸಿನ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂದು ಫೋನ್ ಮಾಡುವುದು ಖಂಡಿತ. ಸದ್ಯಕ್ಕೆ ‘ಶಿಸ್ತುಕ್ರಮವಾಗಲಿ ನಿರ್ಬಂಧವಾಗಲಿ ಇಲ್ಲದ ಪರವಾನಗಿ’ ಎಂದು ಬರೆದಿದ್ದೇನೆ. ಎರಡು ಪದಗಳಲ್ಲಿ ಮುಗಿಯುವಂಥದ್ದು ಯಾರಿಗಾದರೂ ಹೊಳೆದರೆ ತಿಳಿಸಿ. ಹೊತ್ತಗೆಯಲ್ಲಿ ಇದು ಬರುವ ಕೋಷ್ಟಕದ ಅಂಕಣ ಬಹಳ ಕಿರಿದಾಗಿದೆ.