ಎಕ್ಸೆಲ್ ಪಿವಟ್ ರಿಫ್ರೆಶ್ ಹೊಡದ್ರ ಚಾರ್ಟಿನ ಬಣ್ಣ ಎಲ್ಲಾ ಅದಲಿ ಬದಲಿ ಆಗ್ತಾವ, ಏನ್ ಮಾಡ್ಲಿ?

ಗಂಜ್ ಲೆಕ್ಕದವ, ಕಲಬುರಗಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ಇಲ್ಲಿ ಒಂದು ದಾಲ್ ಮಿಲ್ಲಿನಾಗ ಲೆಕ್ಕ ಬರಿತೀನಿ. ತೊಗರಿ ಸೀಜನ್ ಶುರು ಆಯ್ತಂದ್ರ ದಿನಾ ಸಂಜಿಗಿ ಸಾವಕಾರ್ರಿಗಿ ಒಂದು ಚಾರ್ಟ್ ಕಳಿಸ್ಬೇಕು: ಯಾವ ತಾಲ್ಲೂಕಿಂದ ಎಷ್ಟು ಕ್ವಿಂಟಲ್ ಮಾಲು ಬಂತು ಅಂತ.

ಫೈಲ್ ಹಿಂಗ ಅದ. ಒಂದು ಶೀಟಿನಾಗ ದಿನದ ಆವಕ: ತಾರೀಖು, ತಾಲ್ಲೂಕು, ತಳಿ, ಕ್ವಿಂಟಲ್, ಧಾರಣಿ. ಅದರ ಮ್ಯಾಗ ಪಿವಟ್, ಅಂದ್ರ ಆ ಎಂಟ್ರಿ ಎಲ್ಲಾ ಗುಂಪು ಮಾಡಿ ಮೊತ್ತ ತೋರ್ಸೋ ಟೇಬಲ್. ಪಿವಟ್ ಮ್ಯಾಗ ಪೇರಿಸಿದ ಕಾಲಂ ಚಾರ್ಟ್. ಅಡ್ಡಕ್ಕ ವಾರ, ತಾಲ್ಲೂಕಿಗೊಂದು ಬಣ್ಣ. ತಳಿ ಆರಿಸ್ಲಾಕ ಒಂದು ಸ್ಲೈಸರ್.

ನಮ್ ಸಾವಕಾರ್ರು ಚಾರ್ಟಿನ ಕೆಳಗಿನ ಹೆಸ್ರು ಓದಂಗಿಲ್ರಿ, ಫೋನಿನಾಗ ಬಣ್ಣ ನೋಡೇ ಮಾತಾಡ್ತಾರ. "ಹಸ್ರು ಯಾಕ ಇಳದದ?" ಅಂದ್ರ ಆಳಂದ. ಸೇಡಂ ಕೇಸರಿ, ಜೇವರ್ಗಿ ಕಂದು, ಚಿಂಚೋಳಿ ನೀಲಿ. ಸ್ಲೈಸರಿನಾಗ ಗುಳ್ಯಾಳ ಒತ್ತಿದ್ರ ಆ ತಳಿ ಬರಲಾರದ ತಾಲ್ಲೂಕು ಚಾರ್ಟಿನಿಂದ ಹೋಗ್ತಾವ, ಅದು ಸರಿ. ವಾಪಸ್ ಎಲ್ಲಾ ತಳಿ ಒತ್ತಿದಾಗ ಆಳಂದ ನೀಲಿ ಆಗಿ ಬರ್ತದ! ಕಾಲಂ ಮ್ಯಾಗ ಹಾಕಿದ ಲೇಬಲ್ ಭೀ ಮಾಯ. ತಿರುಗಿ ಹಾಕಿದ್ರ ತಾಲ್ಲೂಕಿನ ಹೆಸರಿನ ಜಾಗಾದಾಗ ಇಂಗ್ಲಿಷ್ ಅಕ್ಷರ, ಚಿಹ್ನಿ, ಏನೇನೋ ಕಾಣ್ತಾವ. ಪಿವಟ್ ಆಪ್ಷನ್ಸಿನಾಗ "ಪ್ರಿಸರ್ವ್ ಸೆಲ್ ಫಾರ್ಮ್ಯಾಟಿಂಗ್ ಆನ್ ಅಪ್‌ಡೇಟ್" ಟಿಕ್ ಮಾಡೀನಿ, ಆದ್ರೂ ಇದೇ ಹಾಡು.

ಇನ್ನೊಂದು. ಸರಾಸರಿ ಧಾರಣಿ ಲೈನ್ ಇದೇ ಚಾರ್ಟಿನ ಮ್ಯಾಗ ಬೇಕು ಅಂತಾರ. ಅದು ಬ್ಯಾರೆ ಪಿವಟ್‌ನಾಗ ಅದ, ಎರಡೂ ಕೂಡಿಸ್ಲಾಕ ಬರ್ವಲ್ದು. ನಂದು ಎಕ್ಸೆಲ್ 2016. ಸ್ಕ್ರೀನ್‌ಶಾಟ್ ಹಾಕೀನಿ.

ಭೀಮಾ ದಂಡಿ, ಯಾದಗಿರಿ

ನೀವು ಟಿಕ್ ಮಾಡಿದ್ದು ಪಿವಟ್ ಟೇಬಲ್ಲಿನ ಸೆಲ್‌ಗಳಿಗಷ್ಟೇ ರೀ. ಚಾರ್ಟಿಗೂ ಅದಕ್ಕೂ ಸಂಬಂಧ ಇಲ್ಲ.

ಲೇಬಲ್ ಕಲಸು ಆಗೋದಕ್ಕ ಕಾರಣ ಫಾಂಟ್. ತಾಲ್ಲೂಕಿನ ಹೆಸ್ರು ಹಳೆ ನುಡಿ ಫಾಂಟಿನಾಗ ಹೊಡದೀರಿ ಅನ್ನಸ್ತದ. ಅದರಾಗ ಒಳಗಿರೋದು ಇಂಗ್ಲಿಷ್ ಕೋಡ್, ಮ್ಯಾಗ ಕಾಣೋದು ಕನ್ನಡ. ಲೇಬಲ್ ಹೊಸದಾಗಿ ಹುಟ್ಟಿದಾಗ ಎಕ್ಸೆಲ್ ತನ್ನ ಥೀಮ್ ಫಾಂಟ್ ಹಚ್ಚತದ, ಒಳಗಿನದು ಬಯಲಾಗ್ತದ. ಎಲ್ಲಾ ಹೆಸ್ರು ಒಮ್ಮೆ ಯೂನಿಕೋಡಿಗೆ (ಒಳಗಿನ ಕೋಡೂ ಕನ್ನಡದ್ದೇ ಇರೋ ಅಕ್ಷರಕ್ಕ) ಬದಲಾಯಿಸ್ರಿ. ಆಮೇಲೆ ಫಾಂಟ್ ಯಾವುದು ಬಂದ್ರೂ ವಿಂಡೋಸ್ ತನ್ನ ನಿರ್ಮಲಾ ಯುಐ ಹಚ್ಚಿ ಕನ್ನಡಾನೇ ತೋರಸ್ತದ.

ಬಣ್ಣಕ್ಕ: ಚಾರ್ಟ್ ಮ್ಯಾಗ ರೈಟ್ ಕ್ಲಿಕ್ ಮಾಡಿ ಟೆಂಪ್ಲೇಟ್ ಅಂತ ಸೇವ್ ಮಾಡಿ ಇಟ್ಕೊಳ್ರಿ. ಕೆಟ್ಟಾಗೆಲ್ಲಾ ಅದನ್ನ ಹಚ್ಚೋದು.

ಬೀದರ್ ಕೋಟಿ

ಟೆಂಪ್ಲೇಟ್ ಹೆಸ್ರು ನೋಡಂಗಿಲ್ರಿ, ಸಾಲಿನ ನಂಬರ್ ನೋಡ್ತದ. ಮೊದಲನೇ ಸೀರೀಸಿಗಿ (ಇಲ್ಲಿ ತಾಲ್ಲೂಕಿಗೊಂದು ಸೀರೀಸ್) ಹಸ್ರು, ಎರಡನೇದಕ್ಕ ನೀಲಿ, ಅಷ್ಟೇ. ಗುಳ್ಯಾಳ ಒತ್ತಿ ಆಳಂದ ಹಾರಿದ್ರ ಎರಡನೇದಿದ್ದ ತಾಲ್ಲೂಕು ಮೊದಲನೇದಾಗಿ ಹಸ್ರು ಉಟ್ಟು ನಿಂದರ್ತದ. ಸಾವಕಾರ್ರು ಅದನ್ನೇ ಆಳಂದ ಅಂತ ತಿಳಕೊಂಡು ಖರೀದಿ ಮಾತಾಡ್ತಾರ. ಬಣ್ಣ ಹೋಗೋದು ಕಣ್ಣಿಗಿ ಕಾಣ್ತದ, ತಪ್ಪು ಬಣ್ಣ ಬರೋದು ಕಾಣಂಗಿಲ್ಲ. ನನಗ ಎರಡನೇದೇ ಹೆಚ್ಚು ಹೆದರಿಕಿ.

ತಮ್ಮಾ ಗಂಜಿನವನೇ, ನಾ ಸಹಕಾರಿ ಸಂಘಗಳ ಲೆಕ್ಕ ತಪಾಸಣಿ ಮಾಡ್ಕೋತ ವಯಸ್ಸು ಕಳದವ, ಪಿವಟ್ ಬಲ್ಲೆ. ಪಿವಟ್ ಚಾರ್ಟ್ ಒಂದೇ ಪಿವಟ್ಟಿನ ನೆರಳು. ಅಲ್ಲಿ ತಾಲ್ಲೂಕು ಹೋದ್ರ ಇಲ್ಲಿ ಸೀರೀಸ್ ಸಾಯ್ತದ, ಬಣ್ಣನೂ ಅದರ ಸಂಗಡ ಹೋಗ್ತದ. ತಿರುಗಿ ಬಂದಾಗ ಅದು ಹೊಸ ಸೀರೀಸ್. ರಿಫ್ರೆಶ್ ಆದ್ರ ಲೇಬಲ್, ಟ್ರೆಂಡ್‌ಲೈನ್, ಎರರ್ ಬಾರ್ ಉಳಿಯಂಗಿಲ್ಲ ಅಂತ ಮೈಕ್ರೋಸಾಫ್ಟಿನ ಸಹಾಯ ಪುಟದಾಗೇ ಬರದಾರ, ಪಿವಟ್ಟಿಗಿ ಕಟ್ಟಲಾರದ ಸಾದಾ ಚಾರ್ಟಿಗಿ ಈ ತೊಂದ್ರಿ ಇಲ್ಲ ಅಂತಲೂ ಬರದಾರ. ಜೂಟಾಟ ಬಿಟ್ಟು ಸಾದಾ ಚಾರ್ಟ್ ಮಾಡು.

ಸಣ್ಣ ಇಲಾಜು ಮೊದಲ ಹೇಳ್ತೀನಿ, ಇವತ್ತಿನ ಸಂಜಿಗಿ ಕೆಲಸ ಆಗ್ಲಿ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಅಲ್ಲಿ ಚಾರ್ಟ್ ಅನ್ನೋ ಭಾಗ. "ಪ್ರಾಪರ್ಟೀಸ್ ಫಾಲೋ ಚಾರ್ಟ್ ಡೇಟಾ ಪಾಯಿಂಟ್ ಫಾರ್ ಕರೆಂಟ್ ವರ್ಕ್‌ಬುಕ್" ಟಿಕ್ ತಗಿ. ಈಗ ಬಣ್ಣ ಸಾಲಿನ ನಂಬರಿಗಿ ಅಂಟ್ಕೊಂಡು ಇರ್ತದ. ಹಂಗೇ ಬಿಟ್ರ ಟೆಂಪ್ಲೇಟಿನ ಅವಾಂತರನೇ ಇದು. ಅದಕ್ಕ ಸಾಲಿನ ನಂಬರ್ ಕದಲಬಾರದು: ತಾಲ್ಲೂಕು ಫೀಲ್ಡಿನ ಸೆಟ್ಟಿಂಗ್ಸ್, ಲೇಔಟ್ ಅಂಡ್ ಪ್ರಿಂಟ್, "ಶೋ ಐಟಮ್ಸ್ ವಿತ್ ನೋ ಡೇಟಾ" ಟಿಕ್ ಮಾಡು. ಮಾಲು ಬರಲಿಲ್ಲಂದ್ರೂ ತಾಲ್ಲೂಕು ತನ್ನ ಜಾಗಾದಾಗ ಕುಂದರ್ತದ. ವಿಂಗಡಣಿ ಮ್ಯಾನ್ಯುವಲ್ ಇಡು, ಹೊಸ ಹೆಸ್ರು ಬಂದ್ರ ಕಡೀಗಿ ಸೇರ್ತದ, ನಡುವ ನುಗ್ಗಂಗಿಲ್ಲ.

ಇನ್ನ ಕಾಯಂ ಇಲಾಜು. ಬ್ಯಾರೆ ಶೀಟಿನಾಗ ನೀನೇ ಒಂದು ಸಣ್ಣ ಟೇಬಲ್ ಕಟ್ಟು. ಮ್ಯಾಗಿನ ಸಾಲಿನಾಗ ತಾಲ್ಲೂಕಿನ ಹೆಸ್ರು, ಎಡಕ್ಕ ವಾರ. ಒಂದು ಸೆಲ್ಲಿನಾಗ ಈಕ್ವಲ್ ಹೊಡದು ಪಿವಟ್ಟಿನಾಗ ಆಳಂದದ ಒಂದು ಅಂಕಿ ಮ್ಯಾಗ ಕ್ಲಿಕ್ ಮಾಡು, ಗೆಟ್‌ಪಿವಟ್‌ಡೇಟಾ ಸೂತ್ರ (ಪಿವಟ್ಟಿನಿಂದ ಅಂಕಿ ತರೋದು) ತಾನೇ ಬರ್ತದ. ಅದರಾಗ ಕೊಟೇಶನ್ ಒಳಗ "ಆಳಂದ" ಅಂತ ಇರ್ತದಲ್ಲ, ಅದನ್ನ ತಗದು ನಿನ್ನ ಮ್ಯಾಗಿನ ಹೆಸರಿನ ಸೆಲ್ ಕೊಡು, ವಾರಕ್ಕೂ ಹಂಗೇ, ಡಾಲರ್ ಚಿಹ್ನಿ ಸರಿಯಾಗಿ ಹಾಕು. ಇಡೀ ಸೂತ್ರಕ್ಕ ಇಫ್‌ಎರರ್ ಸುತ್ತಿ ಇಲ್ಲಂದ್ರ ಸೊನ್ನಿ ಅನ್ನು, ಯಾಕಂದ್ರ ಪಿವಟ್ಟಿನಾಗ ಆ ಹೆಸ್ರು ಕಾಣದಿದ್ರ ಸೂತ್ರ ರೆಫ್ ಎರರ್ ಕೊಡ್ತದ. ಈ ಟೇಬಲ್ ಮ್ಯಾಗ ಸಾದಾ ಚಾರ್ಟ್ ಹಾಕು. ಬಣ್ಣ ಈಗ ಆಳಂದದ ಕಾಲಮ್ಮಿಗಿ ಕಟ್ಟಿದ್ದು, ಪಿವಟ್ ಏನಾದ್ರೂ ಆಗ್ಲಿ. ಸ್ಲೈಸರ್ ಮೊದಲಿನಂಗೇ ನಡೀತದ, ಪಿವಟ್ ಬದಲಾದ್ರ ಸೂತ್ರ ಬದಲಾಗ್ತದ. ಒಂದು ಖಬರ್: ಪಿವಟ್ಟಿನ ಒಳಗ ಕರ್ಸರ್ ಇಟ್ಟು ಚಾರ್ಟ್ ಇನ್ಸರ್ಟ್ ಹೊಡದ್ರ ತಿರುಗಿ ಪಿವಟ್ ಚಾರ್ಟೇ ಹುಟ್ಟತದ.

ವಾರ ಅನ್ನೋ ಕಾಲಂ ಮೂಲ ಶೀಟಿನಾಗೇ ಮಾಡು. ವೀಕ್‌ನಮ್ (ವರ್ಷದ ಎಷ್ಟನೇ ವಾರ ಅಂತ ಹೇಳೋ ಫಂಕ್ಷನ್) ಬ್ಯಾಡ. ತೊಗರಿ ಆವಕ ಡಿಸೆಂಬರ್ ದಾಟಿ ಹೋಗ್ತದ, ವೀಕ್‌ನಮ್ ಜನವರಿಗಿ 1ಕ್ಕ ವಾಪಸ್ ಬಂದು ಹೊಸ ವರ್ಷದ ಮಾಲು ಎಡಕ್ಕ ಕುಂದರ್ತದ. ತಾರೀಖಿನಿಂದ ಸೀಜನ್ ಮೊದಲ ದಿನ ಕಳದು, 7ರಿಂದ ಭಾಗಿಸಿ, ಪೂರ್ಣಾಂಕ ತಗೊಂಡು 1 ಕೂಡಿಸು.

ಧಾರಣಿ ಲೈನ್: ಎರಡು ಪಿವಟ್ ಒಂದು ಪಿವಟ್ ಚಾರ್ಟಿನಾಗ ಹಿಡಿಯಂಗಿಲ್ಲ, ಸಾದಾ ಚಾರ್ಟಿನಾಗ ಹಿಡೀತದ. ಅದೇ ಟೇಬಲ್ಲಿಗಿ ಇನ್ನೊಂದು ಕಾಲಂ, ಸೂತ್ರ ಎರಡನೇ ಪಿವಟ್ಟಿಗಿ. ಚಾರ್ಟ್ ಟೈಪ್ ಬದಲು ಮಾಡಿ ಅದೊಂದನ್ನ ಲೈನ್ ಮಾಡಿ ಬಲಗಡೆ ಅಕ್ಷಕ್ಕ ಹಾಕು. ಸ್ಲೈಸರ್ ಮ್ಯಾಗ ರೈಟ್ ಕ್ಲಿಕ್, ರಿಪೋರ್ಟ್ ಕನೆಕ್ಷನ್ಸ್, ಎರಡೂ ಪಿವಟ್ಟಿಗಿ ಟಿಕ್. ಎರಡೂ ಪಿವಟ್ಟಿನ ಕ್ಯಾಶ್ (ಪಿವಟ್ ಒಳಗ ಇಟ್ಕೊಳ್ಳೋ ಡೇಟಾದ ನಕಲು) ಒಂದೇ ಇದ್ರೇ ಎರಡನೇದು ಅಲ್ಲಿ ಕಾಣ್ತದ, ಮೊದಲನೇದನ್ನ ಕಾಪಿ ಮಾಡಿ ಮಾಡಿದ್ರ ಅದು ಖಾತ್ರಿ.

ಲೆಕ್ಕದವನು ಅಂತ ಹೇಳ್ತೀನಿ, ಚಾರ್ಟಿಗಿಂತ ಇದು ದೊಡ್ಡದು: ಪಿವಟ್ಟಿನ ಆವರೇಜ್ 5 ಕ್ವಿಂಟಲ್ ಚೀಟಿನೂ 200 ಕ್ವಿಂಟಲ್ ಲಾಟೂ ಒಂದೇ ತೂಕ ಅಂತ ತಿಳೀತದ. ಮೂಲ ಶೀಟಿನಾಗ ಒಟ್ಟು ರಕಮಿನ ಕಾಲಂ ಮಾಡು, ಪಿವಟ್ಟಿನಾಗ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಹಾಕಿ ರಕಮನ್ನ ಕ್ವಿಂಟಲಿನಿಂದ ಭಾಗಿಸು. ಅದು ಮೊದಲ ಮೊತ್ತ ಹಾಕಿ ಆಮೇಲೆ ಭಾಗಿಸ್ತದ, ಖರೇ ಸರಾಸರಿ ಬರ್ತದ.

ಚಾರ್ಟ್ ಗಿಡಮರದ ಮನಿ, ಶಹಾಬಾದ್

ಇಷ್ಟೆಲ್ಲಾ ಯಾಕ್ರಿ? ಪಿವಟ್‌ಟೇಬಲ್ ಅಪ್‌ಡೇಟ್ ಈವೆಂಟಿಗಿ (ಪಿವಟ್ ಬದಲಾದಾಗೆಲ್ಲಾ) ತಾನೇ ಓಡೋ ಒಂದು ಮ್ಯಾಕ್ರೋ, ಅಂದ್ರ ಸಣ್ಣ ಪ್ರೋಗ್ರಾಂ, ಬರದ್ರ ಮುಗೀತು. ಪ್ರತಿ ಸೀರೀಸಿನ ಹೆಸ್ರು ಓದೋದು, ಆಳಂದ ಇದ್ರ ಹಸ್ರು ಹಚ್ಚೋದು. ಹೆಸರಿಗೇ ಬಣ್ಣ ಬಿತ್ತಲ್ಲ.

ಬೀದರ್ ಕೋಟಿ

ಮ್ಯಾಕ್ರೋ ಕೆಲಸ ಮಾಡ್ತದ, ಇಲ್ಲ ಅನ್ನಂಗಿಲ್ಲ. ಒಬ್ಬನೇ ಒಂದೇ ಕಂಪ್ಯೂಟರಿನಾಗ ಕುಂತು ಮಾಡೋ ಕೆಲಸಾದ್ರ ನಾ ಭೀ ಅದನ್ನೇ ಹೇಳ್ತಿದ್ದೆ. ಇಲ್ಲಿ ಸಾವಕಾರ್ರು ಫೋನಿನಾಗ ಫೈಲ್ ತಗದು ಸ್ಲೈಸರ್ ಒತ್ತಿದ್ರ? ಫೋನಿನ ಎಕ್ಸೆಲ್ ಮ್ಯಾಕ್ರೋ ನಡಸಂಗಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿದ ಫೈಲಿನ ಮ್ಯಾಕ್ರೋ 2022ರಿಂದ ಆಫೀಸ್ ತಾನೇ ತಡೀತದ. ಮ್ಯಾಕ್ರೋ ಓಡಿದ ಮ್ಯಾಗ ಅನ್‌ಡೂ ಪಟ್ಟಿ ಖಾಲಿ, ದಿನಾ ಎಂಟ್ರಿ ಹೊಡಿಯೋ ಹುಡುಗನಿಗಿ ಅದು ದೊಡ್ಡ ತ್ರಾಸ.

ಗಂಜಿನ ತಮ್ಮಾ, ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡ್ದೆ. ಜೇವರ್ಗಿ ಒಂದು, ಜೇವರಗಿ ಒಂದು. ಕಲಬುರಗಿ ಒಂದು, ಗುಲ್ಬರ್ಗಾ ಒಂದು. 2014ರ ನವೆಂಬರ್ 1ಕ್ಕ ಊರಿನ ಹೆಸ್ರು ಬದಲಾಯ್ತು, ಆ ಶೀಟಿಗಿ ಇನ್ನಾ ಸುದ್ದಿ ಮುಟ್ಟಿಲ್ಲ! ಪಿವಟ್ಟಿಗಿ ಇವು ನಾಲ್ಕು ಬ್ಯಾರೆ ತಾಲ್ಲೂಕು. ಹೊಸ ಸೀರೀಸ್ ಹುಟ್ಟಿ ಬಣ್ಣ ಸರಿಯೋದಕ್ಕ ಇದೂ ಒಂದು ಕಾರಣ. ತಾಲ್ಲೂಕಿನ ಕಾಲಮ್ಮಿಗಿ ಡೇಟಾ ವ್ಯಾಲಿಡೇಶನ್ ಪಟ್ಟಿ ಹಾಕು, ಪಟ್ಟಿನಾಗಿನ ಹೆಸ್ರು ಬಿಟ್ಟು ಬ್ಯಾರೆ ಹೊಡೀಲಾಕ ಬರಬಾರದು. ಸರಿ ಮಾಡಿದ ಮ್ಯಾಗೂ ಫಿಲ್ಟರಿನಾಗ ಗುಲ್ಬರ್ಗಾ ಕಾಣ್ತಿದ್ರ ಪಿವಟ್ ಆಪ್ಷನ್ಸ್, ಡೇಟಾ, "ನಂಬರ್ ಆಫ್ ಐಟಮ್ಸ್ ಟು ರಿಟೇನ್" ಅನ್ನೋದನ್ನ "ನನ್" (ಯಾವುದೂ ಬ್ಯಾಡ) ಮಾಡಿ ರಿಫ್ರೆಶ್ ಹೊಡಿ.

ಪಟ್ಟಿನಾಗ ಕಲಬುರಗಿ ಜಿಲ್ಲಾದ ಹಳೆ 7 ಅಲ್ಲ, 11 ತಾಲ್ಲೂಕು ಬರೀಬೇಕು: ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಈಗ ಬ್ಯಾರೆ. ಹಳೆ ಸೀಜನ್ನಿನ ಜೇವರ್ಗಿ ಅಂಕಿಯೊಳಗ ಯಡ್ರಾಮಿ ಅದ, ಹೊಸದರಾಗ ಇಲ್ಲ. ಎರಡೂ ಒಂದರ ಬಾಜು ಒಂದು ಇಟ್ಟು "ಜೇವರ್ಗಿ ಇಳದದ" ಅನ್ನಬ್ಯಾಡ್ರಿ. ಮತ್ತ 11 ಬಣ್ಣ ಯಾರ ಕಣ್ಣಿಗೂ ಹಿಡಿಯಂಗಿಲ್ಲ. ಎಕ್ಸೆಲ್ ಥೀಮಿನಾಗ ಇರೋವೇ 6 ಮೂಲ ಬಣ್ಣ, ಏಳನೇದರಿಂದ ಅವೇ ಬಣ್ಣದ ತಿಳಿ–ಗಾಢ. ಸಾವಕಾರ್ರು ಕೇಳೋ ನಾಲ್ಕೈದು ತಾಲ್ಲೂಕು ಇಟ್ಟು ಉಳದವೆಲ್ಲಾ "ಇತರೆ" ಅಂತ ಬೂದಿ ಬಣ್ಣದಾಗ ಹಾಕು.

ಗಂಜ್ ಲೆಕ್ಕದವ, ಕಲಬುರಗಿ

ಸಾದಾ ಚಾರ್ಟ್ ಮಾಡ್ದೆ ಅಣ್ಣಾರ, ಸ್ಲೈಸರ್ ಎಷ್ಟು ಒತ್ತಿದ್ರೂ ಆಳಂದ ಹಸ್ರೇ. ಹೆಸ್ರು ಯೂನಿಕೋಡಿಗಿ ಹಾಕಿದ ಮ್ಯಾಗ ಲೇಬಲ್ ಭೀ ಸರಿ ಆದ್ವು, ಯಾದಗಿರಿ ಅಣ್ಣಾರಿಗಿ ಥ್ಯಾಂಕ್ಸ್. "ಇತರೆ" ಅಂದ್ರ ಸಾವಕಾರ್ರು ಒಪ್ಪವಲ್ರು, ಚಿತ್ತಾಪುರ ಕಡೆ ಅವರ ಬೀಗರು ಇದ್ದಾರ, ಅದು ಬ್ಯಾರೇನೇ ಕಾಣಬೇಕಂತ.

ಒಂದೇ ಉಳದದ. ಗುಳ್ಯಾಳ ಒತ್ತಿದಾಗ ಮಾಲು ಬರಲಾರದ ವಾರ ಧಾರಣಿ ಲೈನ್ ಸೊನ್ನಿಗಿ ಬಿದ್ದು ತಿರುಗಿ ಏಳ್ತದ. ನೋಡಿದವ್ರು ಮಾರ್ಕೆಟ್ ಕುಸದದ ಅಂತಾರ.

ಬೀದರ್ ಕೋಟಿ

ಧಾರಣಿ ಕಾಲಮ್ಮಿನ ಇಫ್‌ಎರರ್ ಕಡೀಗಿ ಸೊನ್ನಿ ತಗದು ಎನ್‌ಎ ಫಂಕ್ಷನ್ ಹಾಕು, ಖಾಲಿ ಬ್ರ್ಯಾಕೆಟ್ ಸಮೇತ. ಸೆಲ್ಲಿನಾಗ ಎರರ್ ಕಾಣ್ತದ, ಕಾಣ್ಲಿ. 2016ರಾಗ ಲೈನ್ ಆ ವಾರ ಚುಕ್ಕಿ ಇಡಲಾರದ ಹಿಂದಿನ ವಾರ ಮುಂದಿನ ವಾರ ಕೂಡಿಸ್ತದ. ಕ್ವಿಂಟಲಿನ ಕಾಲಮ್ಮುಗಳಿಗಿ ಸೊನ್ನಿನೇ ಇರ್ಲಿ, ಅಲ್ಲಿ ಮಾಲು ಬರಲಿಲ್ಲ ಅನ್ನೋದು ಖರೇ ಸೊನ್ನಿ.