ಎರಡು ಆಕೃತಿಯ ಸವೆದ ರೋಮನ್ ಕಂಚು: ಯಾರ ಕಾಲದ್ದು?

ಪ್ರಶ್ನೆ (ಲೀಡ್ಸ್ ಕನ್ನಡಿಗ):
ಇಲ್ಲಿನ ನಾಣ್ಯ ಮೇಳದಲ್ಲಿ ರೋಮನ್ ಕಂಚಿನ ನಾಣ್ಯಗಳ ಒಂದು ಪೊಟ್ಟಣ ಕೊಂಡೆ. ಬಹುತೇಕ ಎಲ್ಲವೂ ಸವೆದಿವೆ. ಈ ಒಂದರ ಅಡ್ಡಳತೆ 16 ಮಿ.ಮೀ., ತೂಕ 1.5 ಗ್ರಾಂ. ಮುಂದೆ ಬಲಕ್ಕೆ ತಿರುಗಿದ ತಲೆ, ಗಡ್ಡ ಇಲ್ಲ. ಹಿಂದೆ ನಿಂತಿರುವ ಎರಡು ಆಕೃತಿಗಳು. ಅಕ್ಷರ ಒಂದೂ ಓದೋಕೆ ಆಗುತ್ತಿಲ್ಲ. ವಿನೆಗರ್‌ನಲ್ಲಿ ನೆನೆಸಿದರೆ ಮೇಲೆ ಬರುತ್ತಾ?

ಉತ್ತರ (ಹಳೇ ಚಿಲ್ಲರೆ):
ವಿನೆಗರ್ ಬೇಡವೇ ಬೇಡ ಸರ್. ನಿಂಬೆ, ಹುಣಸೆಯೂ ಬೇಡ. ಆ ಹಸಿರು-ಕಂದು ಪದರದಲ್ಲೇ ಉಳಿದ ಚೂರುಪಾರು ಚಿತ್ರ ಇರುತ್ತದೆ. ಹುಳಿ ಅದನ್ನೇ ತಿಂದುಹಾಕುತ್ತದೆ. ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಡಿ, ಅಷ್ಟು ಸಾಕು.

ಅಕ್ಷರ, ಮುಖ ಎರಡನ್ನೂ ಸದ್ಯಕ್ಕೆ ಮರೆತುಬಿಡಿ. ಸವೆದ ನಾಣ್ಯದಲ್ಲಿ ಮೊದಲು ಮಾತಾಡೋದು ಹಿಂಬದಿಯ ಚಿತ್ರ, ಆಮೇಲೆ ತೂಕ. ನಿಮ್ಮ ಅಳತೆಗೆ ಎರಡು ಆಕೃತಿ ಅಂದರೆ ನನಗೆ ತೋಚುವುದು ಎರಡೇ. ಒಂದು 'ಗ್ಲೋರಿಯಾ ಎಕ್ಸರ್ಸಿಟಸ್' (ಲ್ಯಾಟಿನ್‌ನಲ್ಲಿ 'ಸೈನ್ಯದ ಕೀರ್ತಿ') ಅಂತ ಬರೆದಿರುವುದು: ಇಬ್ಬರು ಸೈನಿಕರು, ನಡುವೆ ದಂಡಿನ ಧ್ವಜ. ಇನ್ನೊಂದು ಕ್ರಿ.ಶ. 347-348ರ ಸುಮಾರಿನದು: ಇಬ್ಬರು ವಿಜಯದೇವತೆಯರು ಎದುರುಬದುರು ನಿಂತು ಹಾರ ಹಿಡಿದಿರುತ್ತಾರೆ.

ಕೋಣೆಯ ದೀಪ ಆರಿಸಿ. ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟಕ್ಕೆ ತಂದು ಒಂದೇ ಪಕ್ಕದಿಂದ ಬೆಳಕು ಬಿಡಿ. ನಾಣ್ಯವನ್ನು ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಹೊರಗಿನ ಎರಡೂ ಅಂಚಿನಲ್ಲಿ ನೆಟ್ಟಗೆ ತೆಳು ಗೆರೆ ಕಂಡರೆ ಅದು ಸೈನಿಕರ ಈಟಿ. ಹೊರಗಡೆ ಬೆನ್ನ ಹಿಂದೆ ಉಬ್ಬಿದಂತೆ ಕಂಡರೆ ರೆಕ್ಕೆ. ಆಮೇಲೆ ನಡುವೆ ನೋಡಿ. ನೆಲದಿಂದ ತಲೆಯವರೆಗೆ ಕಂಬ ಇದ್ದರೆ ಧ್ವಜ. ಎರಡು ಧ್ವಜ ಇದ್ದರೆ 330-335, ಒಂದೇ ಇದ್ದರೆ 335ರಿಂದ 341ರ ಸುಮಾರು. ಎರಡು ಧ್ವಜದವು ಸಾಮಾನ್ಯವಾಗಿ ಸ್ವಲ್ಪ ದೊಡ್ಡವು, ಎರಡೂವರೆ ಗ್ರಾಂ ಹತ್ತಿರ ತೂಗುತ್ತವೆ. ನಿಮ್ಮದು ಒಂದೂವರೆ, ಹಾಗಾಗಿ ಒಂಟಿ ಧ್ವಜದ್ದೇ ಇರಬೇಕು ಅನ್ನಿಸುತ್ತದೆ. ಆದರೂ ಕಂಬ ಎಣಿಸಿಯೇ ಹೇಳಿ. ತುಕ್ಕು ತಿಂದ ನಾಣ್ಯದ ತೂಕವನ್ನು ಪೂರ್ತಿ ನಂಬೋಕಾಗಲ್ಲ.

ಲೀಡ್ಸ್ ಕನ್ನಡಿಗ:
ಟಾರ್ಚ್ ಹಿಡಿದು ನೋಡಿದೆ. ಹೊರಗಡೆ ಎರಡೂ ಬದಿ ಗೆರೆ ಇದೆ, ನಡುವೆ ಒಂದೇ ಕಂಬ! ಕಾಲ ಕೆಳಗೆ 'ಟಿ', ಪಕ್ಕದಲ್ಲಿ 'ಆರ್' ಇದ್ದ ಹಾಗಿದೆ. ಮಿಕ್ಕಿದ್ದು ಚಪ್ಪಟೆ. ಹಾಗಾದರೆ ಇದು ರೋಮನ್ ಚಕ್ರವರ್ತಿ ದೊಡ್ಡ ಕಾನ್‌ಸ್ಟಂಟೈನನದ್ದೇ ಅಲ್ವಾ?

ಹಳೇ ಚಿಲ್ಲರೆ:
ಅಷ್ಟು ಬೇಗ ಬೇಡ. ಕಾಲ ಕೆಳಗಿನ ಅಕ್ಷರ ಟಂಕಸಾಲೆಯ ಗುರುತು. 'ಟಿಆರ್' ಅಂದರೆ ಟ್ರಿಯರ್, ಈಗಿನ ಜರ್ಮನಿಯ ಊರು. ಬ್ರಿಟನ್ನಿನಲ್ಲಿ ಸಿಗುವ ಈ ಕಾಲದ ನಾಣ್ಯಗಳಲ್ಲಿ ಟ್ರಿಯರ್‌ನವು ಜಾಸ್ತಿ. ಆದರೆ ಇದೇ ಚಿತ್ರವನ್ನು ಅಪ್ಪ ಕಾನ್‌ಸ್ಟಂಟೈನನ ಹೆಸರಲ್ಲೂ ಹಾಕಿದ್ದಾರೆ, ಮಕ್ಕಳ ಹೆಸರಲ್ಲೂ ಹಾಕಿದ್ದಾರೆ. 337ರಲ್ಲಿ ಅಪ್ಪ ಸತ್ತ ಮೇಲೂ ಮುಂದುವರಿದಿದೆ. ಮುಖಗಳು ನೋಡೋಕೆ ಒಂದೇ ಥರ. ಮುಂಬದಿಯ ಹೆಸರು ಓದದೆ ಯಾರು ಅಂತ ಹೇಳಿದರೆ ಅದು ಬರೀ ಊಹೆ. ಚೀಟಿಯ ಮೇಲೆ 'ಕಾನ್‌ಸ್ಟಂಟೈನ್ ಮನೆತನ, ಒಂದು ಧ್ವಜ, ಸು. 335-341, ಟ್ರಿಯರ್?' ಅಂತ ಬರೆಯಿರಿ. ಆ ಪ್ರಶ್ನೆಚಿಹ್ನೆ ಬಿಡಬೇಡಿ.

ಹೋಲಿಸಿ ನೋಡೋಕೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ 'ಓಕ್ರೆ' (OCRE) ಅನ್ನೋ ರೋಮನ್ ನಾಣ್ಯಗಳ ಆನ್‌ಲೈನ್ ಪಟ್ಟಿ ಇದೆ, ಉಚಿತ. ಟಂಕಸಾಲೆ, ಕಾಲ ಹಾಕಿ ಹುಡುಕಿ.

ಇನ್ನೊಬ್ಬ ಸದಸ್ಯ (ಕರೂರು ಕಂಚು):
ಒಂದು ಮಾತು ಸೇರಿಸುತ್ತೇನೆ. ಮದುರೈ, ಕರೂರಿನ ಕಡೆ ಸಿಕ್ಕಿರುವ ನಾಲ್ಕನೇ ಶತಮಾನದ ರೋಮನ್ ಚಿಲ್ಲರೆಗಳಲ್ಲೂ ತುಂಬಾ ಸವೆದವು ಇವೆ. ಅವಕ್ಕೂ ಇದೇ ಟಾರ್ಚ್ ಉಪಾಯ ನಡೆಯುತ್ತದೆ. ಮತ್ತೆ, ಪೊಟ್ಟಣದಲ್ಲಿ ತಿಳಿ ಹಸಿರು ಪುಡಿ ಉದುರುವ ನಾಣ್ಯ ಇದ್ದರೆ ಬೇರೆ ಡಬ್ಬಿಗೆ ಹಾಕಿ, ಒಣಗಿದ ಜಾಗದಲ್ಲಿಡಿ. ತೇವ ತಾಗಿದರೆ ಆ ಕ್ಲೋರೈಡ್ ರೋಗ ನಾಣ್ಯವನ್ನು ಒಳಗೊಳಗೇ ಕೊರೆಯುತ್ತದೆ.

ಲೀಡ್ಸ್ ಕನ್ನಡಿಗ:
ಅಂಥದ್ದೊಂದಿದೆ, ಈಗಲೇ ಬೇರೆ ಮಾಡಿದೆ. ಇನ್ನೊಂದರಲ್ಲಿ ತಲೆಯ ಮೇಲೆ ಮುಳ್ಳುಮುಳ್ಳಾಗಿ ಏನೋ ಇದೆ.

ಹಳೇ ಚಿಲ್ಲರೆ:
ಅದು ಸೂರ್ಯಕಿರಣದ ಕಿರೀಟ. ಹೆಚ್ಚಾಗಿ ಮೂರನೇ ಶತಮಾನದ್ದು. ಅಳತೆ, ತೂಕ, ಹಿಂಬದಿಯ ಫೋಟೋ ಹಾಕಿ.